ಕಂಡವನ ಪ್ರಾಮಾಣ್ಯ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಯ ಹಿಂದೆ, ಜ್ಞಾನದ ಮೂಲಗಳಾವುವು, ಅವುಗಳಲ್ಲಿ ನೆಚ್ಚತಕ್ಕವು ಯಾವುವು, ಆ ನೆಚ್ಚಿಗೆಗೆ ಆಧಾರವೇನು ಎಂದು ಶತಮಾನಗಳ ಕಾಲ ಪರಸ್ಪರ ವಾದಿಸಿದ ದರ್ಶನಕಾರರ ಪರಿಶ್ರಮವೆಲ್ಲ ಅಡಗಿದೆ. ಪ್ರಮಾಣಗಳು ಎಷ್ಟೆಂಬುದರಲ್ಲಿ ಅವರಿಗೆ ಒಮ್ಮತವಿರಲಿಲ್ಲ. ಚಾರ್ವಾಕನು ಒಂದೇ ಎಂದನು, ಬೌದ್ಧರೂ ವೈಶೇಷಿಕರೂ ಎರಡೆಂದರು, ಸಾಂಖ್ಯರು ಮೂರನ್ನೂ ನೈಯಾಯಿಕರು ನಾಲ್ಕನ್ನೂ ಒಪ್ಪಿದರು, ಭಾಟ್ಟರೂ ಅದ್ವೈತಿಗಳೂ ಆರರವರೆಗೆ ಎಣಿಸಿದರು. ಆದರೆ ಈ ಎಲ್ಲ ಎಣಿಕೆಗಳಲ್ಲಿಯೂ ಮೊದಲ ಪೀಠ ಪ್ರತ್ಯಕ್ಷಕ್ಕೇ ಸಂದಿತು. 1839ರಲ್ಲಿ ಪ್ಯಾರಿಸ್ ನಗರದಲ್ಲಿ ಡಾಗೇರನ ಛಾಯಾಗ್ರಹಣ ವಿಧಾನವು ಲೋಕಕ್ಕೆ ಪ್ರಕಟವಾದಾಗ, ಮನುಷ್ಯನ ಕೈವಾಡವಿಲ್ಲದೆ ಬೆಳಕೇ ತನ್ನ ಲಿಪಿಯಲ್ಲಿ ಬರೆದುಕೊಂಡಂತೆ ತೋರುತ್ತಿದ್ದ ಆ ಚಿತ್ರಕ್ಕೆ, ಯಾವ ವಿಚಾರಣೆಯೂ ನಡೆಯದೆ ಅದೇ ಪೀಠ ದೊರಕಿಬಿಟ್ಟಿತು. ಮುಂದೆ ವೃತ್ತಪತ್ರಿಕೆಗಳು ಚಿತ್ರಗಳನ್ನು ಅಚ್ಚು ಹಾಕತೊಡಗಿದ ಮೇಲೆ ಓದುಗನು ವರದಿಯನ್ನು ನಂಬಿದನೋ ಇಲ್ಲವೋ, ಚಿತ್ರವನ್ನು ಮಾತ್ರ ತಾನೇ ಕಣ್ಣಾರೆ ಕಂಡಂತೆ ಸ್ವೀಕರಿಸಿದನು.

ಆ ಕಾಲ ಈಗ ಕಳೆದುಹೋಗಿದೆ. ಚಿತ್ರವನ್ನು ತೆಗೆಯುವ ಯಂತ್ರ, ತಿದ್ದುವ ಯಂತ್ರ, ಹರಡುವ ಯಂತ್ರ ಈ ಮೂರೂ ಒಂದೇ ಫೋನಿನಲ್ಲಿ ಅಡಕವಾಗಿ ಎಲ್ಲರ ಜೇಬನ್ನೂ ಸೇರಿರುವಾಗ, ದೃಶ್ಯ ಪತ್ರಿಕೋದ್ಯಮವನ್ನು ಕಲಿಯಬೇಕೆಂದು ಬರುವ ತರುಣ ತರುಣಿಯರಿಗೆ ಗುರುವಾದವನು ಏನನ್ನು ಕಲಿಸಬೇಕು? ಕ್ಯಾಮೆರಾ, ಡ್ರೋನ್, ವಿಡಿಯೋ ಸಂಕಲನ, ಅಂಕಿ ಅಂಶಗಳನ್ನು ನಕ್ಷೆಯಾಗಿಸುವ ವಿಧಾನ ಇವೆಲ್ಲವೂ ಬೇಕಾದ ವಿದ್ಯೆಗಳೇ. ಇವುಗಳಲ್ಲಿ ಪಳಗದ ಕೈ ಈ ವೃತ್ತಿಯಲ್ಲಿ ನಿಲ್ಲಲಾರದು. ಆದರೆ ಇವೆಲ್ಲಕ್ಕೂ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆಯೊಂದಿದೆ, ಮತ್ತು ಅದು ಯಂತ್ರಶಾಸ್ತ್ರದ್ದಲ್ಲ, ತತ್ತ್ವಶಾಸ್ತ್ರದ್ದು: ಛಾಯಾಚಿತ್ರವು ಯಾವ ಜಾತಿಯ ಪ್ರಮಾಣ? ಅದು ಪ್ರತ್ಯಕ್ಷವಲ್ಲ, ಎಂದೂ ಆಗಿರಲಿಲ್ಲ. ಅದು ನಮ್ಮ ಶಾಸ್ತ್ರಕಾರರು ಶಬ್ದವೆಂದು ಕರೆದ ಪ್ರಮಾಣ, ಅಂದರೆ ಕಂಡವನೊಬ್ಬನು ಕಾಣದವರಿಗೆ ಹೇಳುವ ಮಾತು ಎಂಬುದು ನನ್ನ ದೃಢವಾದ ನಂಬಿಕೆ. ಈ ನಂಬಿಕೆ ಸರಿಯಾದರೆ ದೃಶ್ಯ ಪತ್ರಿಕೋದ್ಯಮದ ಶಿಕ್ಷಣವು ಯಂತ್ರವನ್ನು ಹದಗೊಳಿಸುವ ಶಿಕ್ಷಣವಾಗದೆ ಹೇಳುವವನನ್ನು ಹದಗೊಳಿಸುವ ಶಿಕ್ಷಣವಾಗಬೇಕಾಗುತ್ತದೆ.

ಗೌತಮನ ನ್ಯಾಯಸೂತ್ರವು ಪ್ರತ್ಯಕ್ಷವನ್ನು ಇಂದ್ರಿಯಕ್ಕೂ ವಸ್ತುವಿಗೂ ಆಗುವ ಸನ್ನಿಕರ್ಷದಿಂದ, ಎಂದರೆ ನೇರ ಸಂಪರ್ಕದಿಂದ ಹುಟ್ಟಿದ, ತಪ್ಪಿಲ್ಲದ, ನಿಶ್ಚಯಾತ್ಮಕವಾದ ಜ್ಞಾನವೆಂದು ನಿರೂಪಿಸುತ್ತದೆ. ಚಿತ್ರವನ್ನು ನೋಡುವವನ ಕಣ್ಣಿಗೆ ಸನ್ನಿಕರ್ಷವಾಗುವುದು ಕಾಗದದೊಡನೆ ಅಥವಾ ಫೋನಿನ ಪರದೆಯೊಡನೆಯೇ ಹೊರತು ನಡೆದ ಘಟನೆಯೊಡನಲ್ಲ. ಇನ್ನು ಬೌದ್ಧ ತಾರ್ಕಿಕನಾದ ದಿಙ್ನಾಗನು ಪ್ರತ್ಯಕ್ಷವು ಕಲ್ಪನೆಯ ಲೇಪವಿಲ್ಲದ್ದಾಗಿರಬೇಕೆಂದು ಹಾಕಿದ ಕಟ್ಟುನಿಟ್ಟಿನ ನಿಯಮವನ್ನು ಅನ್ವಯಿಸಿದರಂತೂ ಇಂದಿನ ಕ್ಯಾಮೆರಾ ಮೊದಲ ಹೆಜ್ಜೆಯಲ್ಲಿಯೇ ಎಡವುತ್ತದೆ.  ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿಧಾನವನ್ನು ಇಂದಿನ ಬಹುಪಾಲು ಕ್ಯಾಮೆರಾಗಳು ಅನುಸರಿಸುತ್ತವೆ. ಬೆಳಕನ್ನು ಗ್ರಹಿಸುವ ಫಲಕದ ಮೇಲೆ ಕೆಂಪು, ಹಸಿರು, ನೀಲಿ ಶೋಧಕಗಳ ಜಾಲವನ್ನು ಹೊದಿಸಿ, ಒಂದೊಂದು ಚುಕ್ಕಿಯೂ ಒಂದೇ ಬಣ್ಣವನ್ನು ಅಳೆಯುವಂತೆ ಮಾಡಿ, ಉಳಿದೆರಡು ಬಣ್ಣಗಳನ್ನು ನೆರೆಯ ಚುಕ್ಕಿಗಳ ಆಧಾರದಿಂದ ಗಣಿತವು ಊಹಿಸಿ ತುಂಬುವುದು ಆ ವಿಧಾನ. ಆದ್ದರಿಂದ ಯಾರೂ ಏನನ್ನೂ ತಿದ್ದದ, ಅತ್ಯಂತ ಪ್ರಾಮಾಣಿಕವಾದ ಡಿಜಿಟಲ್ ಚಿತ್ರದಲ್ಲಿಯೂ ವರ್ಣದ ಮೂರರಲ್ಲಿ ಎರಡು ಪಾಲು ಕಂಡದ್ದಲ್ಲ, ಕಲ್ಪಿಸಿದ್ದು. ಇದರಿಂದ ಚಿತ್ರ ಸುಳ್ಳಾಗುವುದಿಲ್ಲ. ಅದು ಪ್ರತ್ಯಕ್ಷವೆಂಬ ಹೆಸರಿಗೆ ಮಾತ್ರ ಬಾಧ್ಯವಲ್ಲವೆಂದು ತಿಳಿಯುತ್ತದೆ.

ಹಾಗಾದರೆ ಅದು ಅನುಮಾನವೇ? ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ, ಫಲಕದ ಮೇಲೆ ಬಿದ್ದ ಬೆಳಕಿನ ಗುರುತಿನಿಂದ ಆ ಬೆಳಕನ್ನು ಕಳುಹಿಸಿದ ವಸ್ತುವಿನ ಇರವನ್ನು ಊಹಿಸಬಹುದಲ್ಲವೆ ಎಂದು ಯಾರಾದರೂ ಕೇಳಬಹುದು. ಈ ದಾರಿಯಲ್ಲಿ ಪ್ರಯತ್ನ ನಡೆಯದೆ ಇಲ್ಲ. 2021ರಲ್ಲಿ ಅಡೋಬಿ, ಮೈಕ್ರೋಸಾಫ್ಟ್, ಬಿಬಿಸಿ ಮೊದಲಾದ ಸಂಸ್ಥೆಗಳು ಕೂಡಿ, ಚಿತ್ರವು ಯಾವ ಯಂತ್ರದಲ್ಲಿ ಯಾವಾಗ ಹುಟ್ಟಿತು, ಅನಂತರ ಅದರಲ್ಲಿ ಏನೇನು ಬದಲಾಯಿತು ಎಂಬ ಚರಿತ್ರೆಯನ್ನು ಚಿತ್ರದೊಳಗೇ ಗೂಢಲಿಪಿಯ ಮುದ್ರೆಯಾಗಿ ಅಡಗಿಸುವ ವ್ಯವಸ್ಥೆಯೊಂದನ್ನು ರೂಪಿಸಲು ತೊಡಗಿದವು. 2023ರಲ್ಲಿ ಲೈಕಾ ಸಂಸ್ಥೆಯು ಆ ಮುದ್ರೆಯನ್ನು ತಾನಾಗಿ ಒತ್ತುವ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು. ಇದು ಶ್ಲಾಘ್ಯವಾದ ಯತ್ನ, ವಿದ್ಯಾರ್ಥಿಗಳು ಅಗತ್ಯವಾಗಿ ಅರಿಯಬೇಕಾದ ವಿದ್ಯೆ. ಆದರೆ ಈ ಅನುಮಾನವು ನಮ್ಮನ್ನು ಎಷ್ಟು ದೂರ ಒಯ್ದೀತು? ಈ ಕಡತವು ಈ ಯಂತ್ರದಿಂದ ಬಂತೆಂದು ಅದು ಸಿದ್ಧಪಡಿಸಬಲ್ಲುದು. ಯಂತ್ರದ ಮುಂದೆ ನಿಂತ ದೃಶ್ಯವು ತಾನಾಗಿ ನಡೆದದ್ದೇ, ಯಾರಾದರೂ ನಿಲ್ಲಿಸಿದ್ದೇ ಎಂದು ಹೇಳಲಾರದು.

ಈ ಭೇದವು ಎಷ್ಟು ಹಳೆಯದೆಂಬುದನ್ನು ತಿಳಿಯಬೇಕಾದರೆ ಲಖನೌದ ಸಿಕಂದರ್ ಬಾಗ್‌ಗೆ ಹೋಗಬೇಕು. 1857ರ ನವೆಂಬರಿನಲ್ಲಿ ಅಲ್ಲಿ ಬ್ರಿಟಿಷ್ ಸೇನೆಯು ಸುಮಾರು 2,000 ಸಿಪಾಯಿಗಳನ್ನು ಕೊಂದಿತು. ಫೆಲಿಚೆ ಬಿಯಾಟೋ ಎಂಬ ಛಾಯಾಗ್ರಾಹಕನು ಅಲ್ಲಿಗೆ ಬಂದದ್ದು ತಿಂಗಳುಗಳ ತರುವಾಯ, 1858ರಲ್ಲಿ. ಅವನು ತೆಗೆದ ಚಿತ್ರದಲ್ಲಿ ಭಗ್ನವಾದ ಅರಮನೆಯ ಅಂಗಳದ ತುಂಬ ಅಸ್ಥಿಗಳು ಚದುರಿವೆ, ಹಿನ್ನೆಲೆಯಲ್ಲಿ ಕೆಲವರು ನಿಂತಿದ್ದಾರೆ. ಹೂತು ಹೋಗಿದ್ದ ಆ ಅಸ್ಥಿಗಳನ್ನು ಚಿತ್ರಕ್ಕೋಸ್ಕರ ಹೊರತೆಗೆದು ಹರಡಲಾಯಿತೆಂದು ಇತಿಹಾಸಕಾರರು ಹೇಳುತ್ತಾರೆ. ಇದಕ್ಕೆ ಮೂರು ವರ್ಷ ಮೊದಲು ಕ್ರಿಮಿಯಾ ಯುದ್ಧದಲ್ಲಿ ರೋಜರ್ ಫೆಂಟನ್ ಒಂದೇ ಕಣಿವೆಯ ಎರಡು ಚಿತ್ರಗಳನ್ನು ತೆಗೆದಿದ್ದನು. ಒಂದರಲ್ಲಿ ಫಿರಂಗಿಯ ಗುಂಡುಗಳು ದಾರಿಯ ಮೇಲೆಲ್ಲ ಬಿದ್ದಿವೆ, ಇನ್ನೊಂದರಲ್ಲಿ ದಾರಿ ಬರಿದಾಗಿದೆ. ಬಿಯಾಟೋವಿನ ಕೈಯಲ್ಲಿ ಇಂದಿನ ಮುದ್ರೆಯೊತ್ತುವ ಕ್ಯಾಮೆರಾ ಇದ್ದಿದ್ದರೆ ಸಿಕಂದರ್ ಬಾಗಿನ ಆ ಚಿತ್ರವು ನಿರ್ದೋಷವಾದ ಪ್ರಮಾಣಪತ್ರದೊಡನೆ ಲೋಕವನ್ನು ಸುತ್ತುತ್ತಿತ್ತು. ಅಸತ್ಯವು ಡಿಜಿಟಲ್ ಯುಗದೊಡನೆ ಹುಟ್ಟಿತೆಂಬ ಭಾವನೆ ಈ ಕಾರಣದಿಂದ ನಿಲ್ಲುವುದಿಲ್ಲ. ಹೊಸ ಯುಗವು ಮಾಡಿದ್ದಿಷ್ಟೆ: ಮೊದಲಿನಿಂದ ಮುಚ್ಚಿಕೊಂಡಿದ್ದ ಪ್ರಶ್ನೆಯನ್ನು ಎಲ್ಲರ ಮನೆಬಾಗಿಲಿಗೆ ತಂದು ನಿಲ್ಲಿಸಿತು.

ಉಳಿದದ್ದು ಶಬ್ದ. ಆಪ್ತನಾದವನ ಉಪದೇಶವೇ ಶಬ್ದವೆಂದು ನ್ಯಾಯಸೂತ್ರ ಹೇಳುತ್ತದೆ. ಆಪ್ತನೆಂದರೆ ಯಾರೆಂಬುದನ್ನು ಭಾಷ್ಯಕಾರನಾದ ವಾತ್ಸ್ಯಾಯನನು ವಿವರಿಸುವ ಬಗೆಯನ್ನು ನೋಡಿದಾಗ, ಸಾವಿರದೈನೂರು ವರ್ಷಗಳಿಗೂ ಹಿಂದಿನ ಆ ಮಹಾನುಭಾವನು ಇಂದಿನ ಸುದ್ದಿಮನೆಯನ್ನು ಕಂಡೇ ಬರೆದನೋ ಎಂಬಷ್ಟು ಆಶ್ಚರ್ಯವಾಗುತ್ತದೆ. ಆಪ್ತನ ಪ್ರಾಮಾಣ್ಯಕ್ಕೆ ಅವನು ಕೊಡುವ ಕಾರಣಗಳು ಇವು: ವಿಷಯವನ್ನು ತಾನೇ ಸಾಕ್ಷಾತ್ಕರಿಸಿಕೊಂಡಿರುವುದು, ಭೂತದಯೆ, ಮತ್ತು ಇದ್ದುದನ್ನು ಇದ್ದಂತೆಯೇ ತಿಳಿಸಬೇಕೆಂಬ ಇಚ್ಛೆ. ಕುಲ, ಪದವಿ, ಪಾಂಡಿತ್ಯ ಯಾವುದೂ ಇಲ್ಲಿಲ್ಲ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಬಾಯಿಬಿಟ್ಟು ಹೇಳಿದ್ದಾನೆ. ವೇದಪ್ರಾಮಾಣ್ಯವನ್ನು ಸ್ಥಾಪಿಸಲು ಹೊರಟ ಶಾಸ್ತ್ರವು ಸತ್ಯವನ್ನು ಹೇಳುವ ಅಧಿಕಾರವನ್ನು ಇಷ್ಟು ವಿಶಾಲವಾಗಿ ತೆರೆದಿಟ್ಟದ್ದು ನಮ್ಮ ತತ್ತ್ವಚಿಂತನೆಯ ಔದಾರ್ಯಗಳಲ್ಲಿ ಒಂದೆಂದು ನಾನು ಭಾವಿಸುತ್ತೇನೆ.

ಸಾಕ್ಷಾತ್ಕರಿಸಿಕೊಳ್ಳುವುದೆಂದರೆ ಹೋಗುವುದು, ನಿಲ್ಲುವುದು, ನೋಡುವುದು. ದೃಶ್ಯ ವರದಿಗಾರಿಕೆಯ ಮಾತು ಬಂದಾಗ ಸಂಜಯನನ್ನು ಉದಾಹರಿಸುವುದು ನಮ್ಮಲ್ಲಿ ರೂಢಿಯಾಗಿದೆ; ಹಸ್ತಿನಾವತಿಯ ಅರಮನೆಯಲ್ಲಿ ಕುಳಿತುಕೊಂಡೇ ದಿವ್ಯದೃಷ್ಟಿಯಿಂದ ಕುರುಕ್ಷೇತ್ರವನ್ನು ಕಂಡು ಅರಸನಿಗೆ ಹೇಳಿದನೆಂದು ಅವನನ್ನು ದೂರದರ್ಶನಕ್ಕೆ ಹೋಲಿಸುತ್ತಾರೆ. ಮಹಾಭಾರತವನ್ನು ಸಾವಧಾನವಾಗಿ ಓದಿದವರಿಗೆ ಬೇರೆಯ ಸಂಜಯನು ಕಾಣುತ್ತಾನೆ. ಭೀಷ್ಮಪರ್ವದಲ್ಲಿ ಅವನು ರಣಭೂಮಿಯಿಂದ ಓಡೋಡಿ ಬಂದು ಪಿತಾಮಹನು ಬಿದ್ದನೆಂಬ ವಾರ್ತೆಯನ್ನು ಧೃತರಾಷ್ಟ್ರನಿಗೆ ತಿಳಿಸುತ್ತಾನೆ. ಯುದ್ಧದ ಕೊನೆಯಲ್ಲಿ ಸಾತ್ಯಕಿಯ ಕೈಗೆ ಸೆರೆಸಿಕ್ಕು, ಅವನ ಕತ್ತಿ ಮೇಲೆದ್ದಿರುವಾಗ ವ್ಯಾಸರು ಅಡ್ಡಬಂದುದರಿಂದ ಬದುಕಿ ಉಳಿಯುತ್ತಾನೆ. ದುರ್ಯೋಧನನು ಮಡಿದೊಡನೆ ಋಷಿಯಿತ್ತ ದೃಷ್ಟಿ ತನ್ನಿಂದ ಹೊರಟುಹೋಯಿತೆಂದು ಹೇಳುತ್ತಾನೆ. ದಿವ್ಯದೃಷ್ಟಿಯಿದ್ದವನಿಗೂ ರಣಭೂಮಿಯ ಧೂಳು ತಪ್ಪಲಿಲ್ಲ. ಅದಕ್ಕಿಂತ ಮಿಗಿಲಾಗಿ, ಆ ದೃಷ್ಟಿಯನ್ನು ವ್ಯಾಸರು ಮೊದಲು ಕೊಡಲು ಬಂದದ್ದು ಧೃತರಾಷ್ಟ್ರನಿಗೇ. ಬಂಧುವಧೆಯನ್ನು ನೋಡಲಾರೆನೆಂದು ಅವನು ನಿರಾಕರಿಸಿ, ಕೇಳಿ ತಿಳಿಯುವೆನೆಂದನು. ನೋಡಲೊಲ್ಲದವರ ಪರವಾಗಿ ನೋಡುವ ಭಾರವು ಯಾವನೋ ಒಬ್ಬನ ಮೇಲೆ ಬೀಳುತ್ತದೆ.

ಆ ಭಾರವನ್ನು ಹೊತ್ತವರು ನಮ್ಮ ಕಾಲದಲ್ಲಿಯೂ ಇದ್ದಾರೆ. ದೆಹಲಿಯ ಜಾಮಿಯಾ ಮಿಲಿಯಾ ವಿಶ್ವವಿದ್ಯಾನಿಲಯದಲ್ಲಿ ಸಮೂಹ ಸಂವಹನವನ್ನು ಓದಿ, ಟಿವಿಯಲ್ಲಿ ವರದಿಗಾರರಾಗಿದ್ದು, ಸ್ಥಿರಚಿತ್ರದ ಕಡೆಗೆ ತಿರುಗಿ 2010ರಲ್ಲಿ ರಾಯಿಟರ್ಸ್ ಸಂಸ್ಥೆಯನ್ನು ತರಬೇತಿಯವರಾಗಿ ಸೇರಿದ ದಾನಿಶ್ ಸಿದ್ದಿಕಿ, ರೋಹಿಂಗ್ಯಾ ನಿರಾಶ್ರಿತರ ಚಿತ್ರಗಳಿಗಾಗಿ 2018ರಲ್ಲಿ ಸಹೋದ್ಯೋಗಿಗಳೊಡನೆ ಪುಲಿಟ್ಜರ್ ಪ್ರಶಸ್ತಿಯನ್ನು ಹಂಚಿಕೊಂಡರು. 2021ರ ಜುಲೈ 16ರಂದು ಅಫ್ಘಾನಿಸ್ತಾನದ ಸ್ಪಿನ್ ಬೋಲ್ದಕ್‌ನಲ್ಲಿ ಯುದ್ಧದ ವರದಿ ಮಾಡುತ್ತಿದ್ದಾಗ ಹತರಾದರು. ಮರುವರ್ಷ ಭಾರತದ ಕೋವಿಡ್ ದುರಂತದ ಚಿತ್ರಗಳಿಗಾಗಿ ಅವರ ತಂಡಕ್ಕೆ ಅದೇ ಪ್ರಶಸ್ತಿ ಮತ್ತೊಮ್ಮೆ ಬಂತು. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ಅವರದು ಬೇರೆ ಬಗೆಯ ಸಾಕ್ಷಾತ್ಕಾರ. 1923ರಲ್ಲಿ ಹುಟ್ಟಿ 2009ರವರೆಗೆ ಬಾಳಿದ ಅವರು ಡೆಕ್ಕನ್ ಹೆರಾಲ್ಡ್ ಪತ್ರಿಕೆಯ ಆರಂಭದ ದಿನಗಳಲ್ಲಿ ಅದರ ಛಾಯಾಗ್ರಾಹಕರಾಗಿದ್ದು, ಮುಂದೆ ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬಿನ ನಿರ್ಮೂಲನದ ಕಾರ್ಯವನ್ನು ಚಿತ್ರಿಸಿದರು. ಮಕ್ಕಳನ್ನು ಕುರಿತ ಅವರ ಚಿತ್ರಗಳು 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶಿತವಾದವು. ಯುದ್ಧವಿಲ್ಲದ, ಹಾಹಾಕಾರವಿಲ್ಲದ ಸಾಮಾನ್ಯ ಜೀವನವನ್ನು ಅವರು ಆ ಜೀವನದ ನಡುವೆ ನಿಂತೇ ನೋಡಿದರು. ಆ ನಿಲುವಿನ ನೆಮ್ಮದಿ ಅವರ ಚಿತ್ರಗಳಲ್ಲಿದೆ.

ಇಲ್ಲಿ ಒಂದು ಆಕ್ಷೇಪವು ಬರುತ್ತದೆ. ಚಿತ್ರದ ಪ್ರಾಮಾಣ್ಯವನ್ನು ಚಿತ್ರಕಾರನ ಆಪ್ತತೆಗೆ ಕಟ್ಟಿಹಾಕಿದರೆ, ದೊಡ್ಡ ಹೆಸರಿನವರ ಮಾತು ಮಾತ್ರ ನಡೆದು, ಹೆಸರಿಲ್ಲದ ಸಾಮಾನ್ಯನು ಕಂಡ ಸತ್ಯವು ಮೂಲೆಗೆ ಬೀಳುವುದಿಲ್ಲವೆ? ಋಷಿ, ಆರ್ಯ, ಮ್ಲೇಚ್ಛರಿಗೆ ಒಂದೇ ಲಕ್ಷಣವೆಂದ ವಾತ್ಸ್ಯಾಯನನಲ್ಲಿಯೇ ಇದಕ್ಕೆ ಉತ್ತರವಿದೆ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ಮನುಷ್ಯನ ಕೊರಳ ಮೇಲೆ ಪೊಲೀಸನೊಬ್ಬನು ಮಂಡಿಯೂರಿ ಕುಳಿತಾಗ, ಆ ದೃಶ್ಯವನ್ನು ಅಲುಗದೆ ಫೋನಿನಲ್ಲಿ ದಾಖಲಿಸಿದವಳು ಡಾರ್ನೆಲ್ಲಾ ಫ್ರೇಜಿಯರ್ ಎಂಬ 17 ವರ್ಷದ ಹುಡುಗಿ. ಪೊಲೀಸರ ಮೊದಲ ಪ್ರಕಟಣೆಯು ಆ ಸಾವನ್ನು ವೈದ್ಯಕೀಯ ಕಾರಣದ ಘಟನೆಯೆಂದು ಬಣ್ಣಿಸಿತ್ತು. ಅಧಿಕಾರದ ಆ ಶಬ್ದವನ್ನು ಈ ಹುಡುಗಿಯ ಶಬ್ದವು ಸುಳ್ಳಾಗಿಸಿತು. ಯಾವ ಶಾಲೆಯಲ್ಲಿಯೂ ಪತ್ರಿಕೋದ್ಯಮವನ್ನು ಕಲಿಯದ ಆಕೆಗೆ ಪುಲಿಟ್ಜರ್ ಮಂಡಳಿಯು 2021ರಲ್ಲಿ ವಿಶೇಷ ಗೌರವವನ್ನು ಸಲ್ಲಿಸಿತು. ಕಂಡಳು, ಮರುಗಿದಳು, ಇದ್ದುದನ್ನು ಇದ್ದಂತೆ ತೋರಿಸಬೇಕೆಂದು ಬಯಸಿದಳು. ಆಪ್ತಲಕ್ಷಣಕ್ಕೆ ಇದಕ್ಕಿಂತ ನೇರವಾದ ನಿದರ್ಶನವನ್ನು ನಾನರಿಯೆ.

ಮೂರು ಲಕ್ಷಣಗಳಲ್ಲಿ ನನ್ನ ಮನಸ್ಸನ್ನು ಬಹುವಾಗಿ ಸೆಳೆದಿರುವುದು ನಡುವಿನದು. ಸತ್ಯವನ್ನು ಹೇಳುವವನಿಗೆ ದಯೆ ಏಕೆ ಬೇಕು? ಕಂಡವನೂ ಹೌದು, ಕಂಡಂತೆ ಹೇಳುವವನೂ ಹೌದು ಎಂದಾದ ಮೇಲೆ ಪ್ರಮಾಣಕ್ಕೆ ಇನ್ನೇನು ಕೊರತೆ? ಜ್ಞಾನದ ವಿಚಾರದಲ್ಲಿ ಕರುಣೆಯನ್ನು ತಂದು ಸೇರಿಸಿದ ಭಾಷ್ಯಕಾರನ ಅಭಿಪ್ರಾಯವೇನಿರಬಹುದೆಂದು ಯೋಚಿಸುವಾಗ ನನಗೆ ವಿಲೋಬಿ ವಾಲೇಸ್ ಹೂಪರ್ ಎಂಬ ಸೈನ್ಯಾಧಿಕಾರಿಯ ನೆನಪಾಗುತ್ತದೆ. ಮದರಾಸು ಪ್ರಾಂತದಲ್ಲಿಯೂ ನಮ್ಮ ಮೈಸೂರು ಸೀಮೆಯಲ್ಲಿಯೂ ಜನರನ್ನು ಅಸ್ಥಿಪಂಜರಗಳಾಗಿಸಿದ 1876ರಿಂದ 1878ರವರೆಗಿನ ಮಹಾಕ್ಷಾಮವನ್ನು, ಹಳಬರು ಧಾತು ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದ ಆ ಹಸಿವನ್ನು, ಚಿತ್ರದಲ್ಲಿ ದಾಖಲಿಸಿದವನು ಅವನೇ. ಸಾಯುವ ಅಂಚಿನಲ್ಲಿದ್ದ ಸ್ತ್ರೀ ಪುರುಷರನ್ನೂ ಮಕ್ಕಳನ್ನೂ ಗುಂಪುಗುಂಪಾಗಿ ಕೂರಿಸಿ, ಕ್ಯಾಮೆರಾದ ಕಡೆಗೆ ಮುಖ ಮಾಡಿಸಿ, ಅವನು ತೆಗೆದ ಚಿತ್ರಗಳು ಇಂದಿಗೂ ಉಳಿದಿವೆ. ಅವುಗಳಲ್ಲಿರುವುದೆಲ್ಲ ನಿಜ, ಎಲುಬುಗಳು ನಿಜ, ಹಸಿವು ನಿಜ. ಆದರೆ ಆ ಜನ ಅಲ್ಲಿ ಮನುಷ್ಯರಾಗಿ ಕುಳಿತಿಲ್ಲ, ಮಾದರಿಗಳಾಗಿ ಕುಳಿತಿದ್ದಾರೆ. ಅವರ ಹೆಸರಿಲ್ಲ, ಊರಿಲ್ಲ, ಅವರು ನಮಗೆ ಹೇಳಬೇಕಾಗಿದ್ದ ಮಾತೇನೆಂಬುದರ ಸುಳಿವೂ ಇಲ್ಲ.

ಅದೇ ಹೂಪರನು 1886ರಲ್ಲಿ ಬರ್ಮಾದ ಮಾಂಡಲೆಯಲ್ಲಿ ಸೇನೆಯ ದಂಡಾಧಿಕಾರಿಯಾಗಿದ್ದಾಗ, ಗುಂಡಿಗೆ ಗುರಿಯಾಗಬೇಕಾಗಿದ್ದ ಬರ್ಮೀ ಬಂದಿಗಳ ಚಿತ್ರವನ್ನು ತೆಗೆಯುವುದಕ್ಕಾಗಿ, ಗುರಿಯಿಡಿರಿ ಎಂಬ ಆಜ್ಞೆಗೂ ಗುಂಡು ಹಾರಿಸಿರಿ ಎಂಬ ಆಜ್ಞೆಗೂ ನಡುವೆ ಕಾಯಿಸಿದನೆಂಬ ಸುದ್ದಿ ಇಂಗ್ಲೆಂಡಿನವರೆಗೆ ಹೋಗಿ, ಕೋಲಾಹಲವಾಗಿ, ವಿಚಾರಣೆ ನಡೆಯಿತು. ಮೃತ್ಯುವಿನ ಹೊಸ್ತಿಲಲ್ಲಿ ನಿಂತ ಮನುಷ್ಯನ ಕೊನೆಯ ಕ್ಷಣಗಳನ್ನು ತನ್ನ ಗಾಜಿನ ಫಲಕದ ಅನುಕೂಲಕ್ಕೆ ಹಿಗ್ಗಿಸಿದವನು ಕಂಡದ್ದೇನು? ಸತ್ಯವನ್ನೇ ಕಂಡನೆಂದು ವಾದಿಸಬಹುದು. ನಾನು ಒಪ್ಪುವುದಿಲ್ಲ. ದಯೆಯಿಲ್ಲದ ನೋಟವು ವಸ್ತುವನ್ನು ಅರ್ಧ ಮಾತ್ರ ಕಾಣುತ್ತದೆ. ಎದುರಿನ ಜೀವಿಯ ಒಳಗೊಂದು ವೇದನೆಯಿದೆಯೆಂಬ ಅರಿವಿಲ್ಲದೆ ಆ ಜೀವಿಯ ಯಥಾರ್ಥವೇ ತಿಳಿಯುವುದಿಲ್ಲವಾದ್ದರಿಂದ, ಭೂತದಯೆಯು ಜ್ಞಾನಕ್ಕೆ ತೊಡಿಸಿದ ಆಭರಣವಲ್ಲ, ಜ್ಞಾನದ ಅಂಗ. ವಾತ್ಸ್ಯಾಯನನ ಆಶಯವೂ ಇದೇ ಇದ್ದಿರಬೇಕೆಂದು ನಾನು ತಿಳಿಯುತ್ತೇನೆ.

1993ರ ಮಾರ್ಚಿನಲ್ಲಿ ಸೂಡಾನಿನ ಅಯೋದ್ ಎಂಬಲ್ಲಿ, ಕುಸಿದು ಕುಳಿತ ಮಗುವೊಂದರ ಹಿಂದೆ ರಣಹದ್ದು ಕಾದು ನಿಂತಿರುವ ಚಿತ್ರವನ್ನು ತೆಗೆದ ಕೆವಿನ್ ಕಾರ್ಟರನ ಕಥೆ ಎಲ್ಲ ಪತ್ರಿಕೋದ್ಯಮ ತರಗತಿಗಳಲ್ಲಿಯೂ ಚರ್ಚೆಗೆ ಬರುತ್ತದೆ. ಚಿತ್ರ ಪ್ರಕಟವಾದೊಡನೆ, ಮಗುವನ್ನು ಎತ್ತಿಕೊಂಡೆಯಾ ಎಂದು ಲೋಕವು ಅವನನ್ನು ಕೇಳಿತು. ಅವನು ಹದ್ದನ್ನು ಓಡಿಸಿದ್ದನು. 1994ರಲ್ಲಿ ಅವನಿಗೆ ಪುಲಿಟ್ಜರ್ ಬಂತು. ಅದೇ ವರ್ಷದ ಜುಲೈಯಲ್ಲಿ ಅವನು ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡನು. ಹೂಪರನನ್ನೂ ಕಾರ್ಟರನನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರ ಬಗ್ಗೆ ನನಗೆ ದುಃಖವಾಗುತ್ತದೆ. ಆ ಚಿತ್ರದಿಂದ ಸೂಡಾನಿನ ಹಸಿವು ಜಗತ್ತಿನ ಹಸಿವಾಯಿತು. ತೆಗೆದವನ ವೇದನೆಯೂ ಅದರಲ್ಲಿ ಬೆರೆತಿದೆ. ಒಂದೇ ಮರದ ಮೇಲೆ ಕುಳಿತ ಎರಡು ಹಕ್ಕಿಗಳಲ್ಲಿ ಒಂದು ಹಣ್ಣನ್ನು ತಿನ್ನುತ್ತದೆ, ಇನ್ನೊಂದು ಸುಮ್ಮನೆ ನೋಡುತ್ತದೆ ಎಂದು ಉಪನಿಷತ್ತು ಹೇಳುವ ಆ ನೋಡುವ ಹಕ್ಕಿಯ ಸಾಕ್ಷಿತ್ವವು ಪರಮಾತ್ಮನದು. ಮನುಷ್ಯನು ಅಂಥ ಸಾಕ್ಷಿಯಾಗಲಾರ; ಆಗಬೇಕೆಂದು ಅವನಿಂದ ನಿರೀಕ್ಷಿಸಲೂಬಾರದು. ಅವನು ಫಲದಲ್ಲಿ ಪಾಲುಗೊಂಡೇ ನೋಡುತ್ತಾನೆ, ನೋಡಿದ್ದಕ್ಕೆ ಬೆಲೆ ತೆರುತ್ತಾನೆ. ಶಾಲೆಗಳು ತಮ್ಮ ವಿದ್ಯಾರ್ಥಿಗಳಿಗೆ ಈ ಬೆಲೆಯ ವಿಷಯವನ್ನು ಮೊದಲೇ ಹೇಳಬೇಕು, ಅದನ್ನು ಹೊರುವ ದಾರಿಯನ್ನೂ ತೋರಿಸಬೇಕು.

ಇನ್ನು ಇದ್ದುದನ್ನು ಇದ್ದಂತೆ ತಿಳಿಸುವ ಇಚ್ಛೆ. ಸಿರಿಯಾದ ಯುದ್ಧದಲ್ಲಿ 2013ರಲ್ಲಿ ತೆಗೆದ ಚಿತ್ರವೊಂದರ ಮೂಲೆಯಲ್ಲಿ ಸಹೋದ್ಯೋಗಿಯ ವಿಡಿಯೋ ಕ್ಯಾಮೆರಾ ಕಾಣುತ್ತಿತ್ತೆಂದು ಅದನ್ನು ಅಳಿಸಿ, ಆ ಜಾಗಕ್ಕೆ ಪಕ್ಕದ ನೆಲವನ್ನು ನಕಲು ಮಾಡಿ ತೇಪೆ ಹಾಕಿದ ಛಾಯಾಗ್ರಾಹಕನೊಡನೆ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಯು 2014ರ ಜನವರಿಯಲ್ಲಿ ಸಂಬಂಧವನ್ನು ಕಡಿದುಕೊಂಡಿತು. ಅವನ ಸುಮಾರು 500 ಚಿತ್ರಗಳನ್ನು ಪರೀಕ್ಷಿಸಿದಾಗ ಬೇರಾವುದರಲ್ಲಿಯೂ ದೋಷ ಕಂಡುಬರಲಿಲ್ಲ. ಅಳಿಸಿದ ವಸ್ತು ಕ್ಷುಲ್ಲಕವಾದುದು, ಶಿಕ್ಷೆ ಅತಿಯಾಯಿತೆಂದು ಹೇಳುವವರುಂಟು. ಚಿತ್ರವು ಪ್ರತ್ಯಕ್ಷವಾಗಿದ್ದರೆ ಅವರ ಮಾತು ಸರಿಯಾದೀತು, ಏಕೆಂದರೆ ಒಂದು ಪ್ರತ್ಯಕ್ಷದ ದೋಷ ಇನ್ನೊಂದಕ್ಕೆ ತಟ್ಟುವುದಿಲ್ಲ. ಶಬ್ದದ ರೀತಿ ಬೇರೆ. ಅದರ ಬಲವೆಲ್ಲ ಹೇಳುವವನಲ್ಲಿರುವುದರಿಂದ, ಹಂಡೆ ಹಾಲಿಗೆ ಬಿದ್ದ ತೊಟ್ಟು ಹುಳಿಯಂತೆ ಒಂದು ಸುಳ್ಳು ಉಳಿದೆಲ್ಲ ಮಾತುಗಳನ್ನೂ ಕೆಡಿಸುತ್ತದೆ. ಸಂಸ್ಥೆಯ ನಿರ್ಧಾರ ಕಠಿನವಾದರೂ ನ್ಯಾಯವಾದುದೇ.

ಅಳಿಸದೆ, ಸೇರಿಸದೆಯೂ ಸುಳ್ಳಾಗುವುದುಂಟು. 2015ರಲ್ಲಿ ನೇಪಾಳದ ಭೂಕಂಪದ ತರುವಾಯ, ಹೆದರಿದ ತಂಗಿಯನ್ನು ಪುಟ್ಟ ಅಣ್ಣನು ತಬ್ಬಿಕೊಂಡಿರುವ ಚಿತ್ರವೊಂದು ಆ ದುರಂತದ ಅನಾಥ ಮಕ್ಕಳದೆಂದು ಜಗತ್ತಿನಾದ್ಯಂತ ಹರಡಿ ಕಣ್ಣೀರು ತರಿಸಿತು. ಅದು 2007ರಲ್ಲಿ ವಿಯೆಟ್ನಾಮಿನ ಹಾ ಜಿಯಾಂಗ್ ಪ್ರಾಂತದ ಹಳ್ಳಿಯೊಂದರಲ್ಲಿ ತೆಗೆದ ಚಿತ್ರ. ಅಲ್ಲಿ ಭೂಕಂಪವೂ ಇರಲಿಲ್ಲ, ಮಕ್ಕಳು ಅನಾಥರೂ ಅಲ್ಲ. ಶುಕ್ತಿಯನ್ನು ಕಂಡು ರಜತವೆಂದು ಭ್ರಮಿಸುವಲ್ಲಿ ಎದುರಿಗಿರುವ ಚಿಪ್ಪೂ ನಿಜ, ಬೇರೆಲ್ಲಿಯೋ ಇರುವ ಬೆಳ್ಳಿಯೂ ನಿಜ, ಒಂದರ ಧರ್ಮವನ್ನು ಇನ್ನೊಂದರಲ್ಲಿ ಕಂಡದ್ದಷ್ಟೇ ತಪ್ಪು ಎಂದು ನೈಯಾಯಿಕರು ಅನ್ಯಥಾಖ್ಯಾತಿಯನ್ನು ವಿವರಿಸುವುದು ಇಂಥ ಸಂದರ್ಭಕ್ಕೆ ಅಕ್ಷರಶಃ ಹೊಂದುತ್ತದೆ. ಚಿತ್ರದ ಅಡಿಬರಹವೆಂಬುದು ಅಲಂಕಾರಕ್ಕೆ ಬರೆಯುವ ಸಾಲಲ್ಲ. ಊರು, ದಿನ, ಜನ ಇವನ್ನು ಹೇಳುವ ಆ ಸಾಲಿನಲ್ಲಿಯೇ ಚಿತ್ರದ ಅರ್ಧ ಸತ್ಯವಿರುತ್ತದೆ. ಚೌಕಟ್ಟಿನ ವಿಷಯದಲ್ಲಿ ನಮ್ಮ ಜೈನ ಆಚಾರ್ಯರು ಹೇಳುವ ನಯವಾದವನ್ನು ನೆನೆಯಬೇಕು. ಒಂದು ದೃಷ್ಟಿಯಿಂದ ವಸ್ತುವು ಹೀಗಿದೆ ಎನ್ನುವುದು ನಯ, ಹೀಗೆಯೇ ಇದೆ ಎಂದು ಉಳಿದ ದೃಷ್ಟಿಗಳನ್ನು ತಳ್ಳಿಹಾಕುವುದು ದುರ್ನಯ. ಎಲ್ಲ ಚೌಕಟ್ಟುಗಳೂ ನಯಗಳೇ. ಏನನ್ನೋ ಒಳಗಿಟ್ಟು ಏನನ್ನೋ ಹೊರಗಿಡದೆ ಚಿತ್ರವೇ ಆಗದು. ಹೊರಗೆ ಉಳಿದದ್ದರಿಂದ ಒಳಗಿನ ಅರ್ಥವು ತಲೆಕೆಳಗಾಗುವಂತೆ ಕತ್ತರಿಸಿದಾಗ ಮಾತ್ರ ಅದು ದುರ್ನಯವಾಗುತ್ತದೆ.

ಕೃತಕ ಬುದ್ಧಿಮತ್ತೆಯು ಸೃಷ್ಟಿಸುವ ಬಿಂಬಗಳ ಸ್ವರೂಪವೇ ಬೇರೆ. ಹಗ್ಗವನ್ನು ಹಾವೆಂದು ಭ್ರಮಿಸುವಲ್ಲಿ ಹಗ್ಗವಾದರೂ ಇರುತ್ತದೆ; ಇಲ್ಲಿ ಹಾವಿದೆ, ಹಗ್ಗವಿಲ್ಲ. ಅದು ಅಧಿಷ್ಠಾನವಿಲ್ಲದ, ಅಂದರೆ ಆಧಾರವಸ್ತುವಿಲ್ಲದ ಆರೋಪ. ಕೋಟ್ಯಂತರ ಹಳೆಯ ಚಿತ್ರಗಳು ಯಂತ್ರದಲ್ಲಿ ಬಿಟ್ಟುಹೋದ ಸಂಸ್ಕಾರಗಳೇ ಅದಕ್ಕೆ ಸಾಮಗ್ರಿಯಾದುದರಿಂದ, ಅದನ್ನು ಭ್ರಮೆಯೆನ್ನುವುದಕ್ಕಿಂತ ಸ್ವಪ್ನವೆನ್ನುವುದು ಹೆಚ್ಚು ಸಮಂಜಸವೆಂದು ನನಗನ್ನಿಸುತ್ತದೆ: ಎಂದೂ ಎಚ್ಚರಗೊಳ್ಳದ, ಎಂದೂ ಎಲ್ಲಿಗೂ ಹೋಗದ ಯಂತ್ರದ ಸ್ವಪ್ನ. ಕಾವ್ಯಕ್ಕೆ, ಕಲೆಗೆ ಸ್ವಪ್ನ ಸಲ್ಲುತ್ತದೆ, ಸಾಕ್ಷ್ಯಕ್ಕೆ ಸಲ್ಲುವುದಿಲ್ಲ. ಸ್ವಪ್ನವು ಜಾಗ್ರತ್ತಿನೊಳಗೆ ನುಗ್ಗಿದಾಗ ಏನಾಗುವುದೆಂಬುದನ್ನು ನಾವು 2023ರ ಮೇ 28ರಂದು ದೆಹಲಿಯಲ್ಲಿ ಕಂಡಿದ್ದೇವೆ. ಪ್ರತಿಭಟನೆಯಲ್ಲಿ ಬಂಧನಕ್ಕೊಳಗಾಗಿ ಪೊಲೀಸರ ಬಸ್ಸಿನಲ್ಲಿ ಕುಳಿತಿದ್ದ ಕುಸ್ತಿಪಟುಗಳಾದ ವಿನೇಶ್ ಫೋಗಟ್ ಮತ್ತು ಸಂಗೀತಾ ಫೋಗಟ್ ಅವರ ಚಿತ್ರವನ್ನು ಯಾರೋ ತೆಗೆದುಕೊಂಡು, ಅವರ ಮುಖಗಳ ಮೇಲೆ ಇಲ್ಲದ ನಗುವನ್ನು ಯಂತ್ರದಿಂದ ಮೂಡಿಸಿ, ಹೋರಾಟವೇ ನಾಟಕವೆಂಬಂತೆ ಹರಡಿದರು. ನೊಂದವರ ಮುಖದಿಂದ ನೋವನ್ನು ಕಿತ್ತುಕೊಳ್ಳುವುದು ಸುಳ್ಳು ಹೇಳುವುದಕ್ಕಿಂತಲೂ ಕ್ರೂರವಾದ ಹಿಂಸೆ. ಇಲ್ಲಿ ಸತ್ಯವೂ ದಯೆಯೂ ಒಂದೇ ಏಟಿಗೆ ಮುರಿದುವು.

ಇದೆಲ್ಲವನ್ನೂ ಕಂಡು, ಯಾವ ಚಿತ್ರವನ್ನೂ ನಂಬಲಾರೆವೆಂದು ಕೈಚೆಲ್ಲುವವರ ಸಂಖ್ಯೆ ಬೆಳೆಯುತ್ತಿದೆ, ಮತ್ತು ಅಪರಾಧಿಗಳಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ನಿಜವಾದ ಚಿತ್ರವನ್ನೂ ಅವರು ಕೃತಕವೆಂದು ಹೇಳಿ ಪಾರಾಗಬಹುದು. ನ್ಯಾಯಶಾಸ್ತ್ರವು ಸಂಶಯವನ್ನು ತನ್ನ ಹದಿನಾರು ಪದಾರ್ಥಗಳಲ್ಲಿ ಒಂದಾಗಿ ಗೌರವಿಸಿದೆ, ಆದರೆ ಅದು ನಿರ್ಣಯಕ್ಕೆ ಒಯ್ಯುವ ಮೆಟ್ಟಿಲೆಂಬ ಕಾರಣಕ್ಕೆ. ಉದಯನಾಚಾರ್ಯನು ಕುಸುಮಾಂಜಲಿಯಲ್ಲಿ, ನಮ್ಮ ನಡತೆಗೇ ವಿರೋಧ ಬರುವಲ್ಲಿಗೆ ಶಂಕೆಯ ಎಲ್ಲೆ ಮುಗಿಯಿತೆಂದು ತೋರಿಸಿದನು. ನಮ್ಮ ಮಧ್ವಾಚಾರ್ಯರು ಜ್ಞಾನದ ಪ್ರಾಮಾಣ್ಯವನ್ನು ಒಳಗಿನ ಸಾಕ್ಷಿಯೇ ಗ್ರಹಿಸುತ್ತದೆ, ಸಂದೇಹ ಬಂದಾಗ ಪರೀಕ್ಷೆಯು ಬೇಕಾಗುತ್ತದೆ ಎಂದರು. ಪರೀಕ್ಷೆಯ ವಿದ್ಯೆ ಇಂದು ಬಹಳ ಬೆಳೆದಿದೆ: ಚಿತ್ರವು ಹಿಂದೆ ಎಲ್ಲಿ ಬಂದಿತ್ತೆಂದು ಹುಡುಕುವುದು, ನೆರಳಿನ ದಿಕ್ಕಿನಿಂದ ಹೊತ್ತನ್ನೂ ಅಂಗಡಿಯ ಫಲಕದಿಂದ ಊರನ್ನೂ ಗುರುತಿಸುವುದು, ಉಪಗ್ರಹದ ನಕ್ಷೆಯೊಡನೆ ತಾಳೆ ನೋಡುವುದು. ಇವನ್ನು ಎಲ್ಲ ವಿದ್ಯಾರ್ಥಿಗಳೂ ಕಲಿಯಲೇಬೇಕು.

ಹೆಸರೂ ಪರೀಕ್ಷೆಗೆ ಹೊರತಲ್ಲ. 1972ರ ಜೂನ್ 8ರಂದು ವಿಯೆಟ್ನಾಮಿನ ತ್ರಾಂಗ್ ಬಾಂಗ್‌ನಲ್ಲಿ ನೇಪಾಮ್ ಬೆಂಕಿಯಿಂದ ಸುಟ್ಟು ಬೆತ್ತಲೆ ಓಡಿ ಬಂದ ಬಾಲಿಕೆಯ ಚಿತ್ರವನ್ನು ಅರ್ಧ ಶತಮಾನಕ್ಕೂ ಮಿಕ್ಕಿ ಜಗತ್ತು ಛಾಯಾಗ್ರಾಹಕ ನಿಕ್ ಉಟ್ ಅವರದೆಂದು ತಿಳಿದಿತ್ತು. 2025ರಲ್ಲಿ ಸಾಕ್ಷ್ಯಚಿತ್ರವೊಂದು ಅದನ್ನು ತೆಗೆದವನು ಬೇರೊಬ್ಬನೆಂದು ವಾದಿಸಿತು. ವರ್ಲ್ಡ್ ಪ್ರೆಸ್ ಫೋಟೋ ಸಂಸ್ಥೆಯು ಕರ್ತೃತ್ವವನ್ನು ತಡೆಹಿಡಿಯಿತು, ಅಸೋಸಿಯೇಟೆಡ್ ಪ್ರೆಸ್ ಉಟ್ ಅವರ ಹೆಸರನ್ನೇ ಉಳಿಸಿಕೊಂಡಿತು. ಚಿತ್ರದ ಸತ್ಯವನ್ನು ಯಾರೂ ಪ್ರಶ್ನಿಸಲಿಲ್ಲ. ಕಂಡವನು ಯಾರೆಂಬುದು ಐವತ್ತು ವರ್ಷಗಳ ಮೇಲೆಯೂ ಜನರನ್ನು ಇಷ್ಟು ಕಲಕಿತೆಂದರೆ, ಚಿತ್ರವೆಂಬುದು ಮನುಷ್ಯನೊಬ್ಬನ ಮಾತೆಂಬುದನ್ನು ಲೋಕವು ಒಳಗೊಳಗೇ ಬಲ್ಲುದು.

1951ರಷ್ಟು ಹಿಂದೆಯೇ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮದ ಬೋಧನೆ ಆರಂಭವಾದ ನಾಡು ನಮ್ಮದು. ಇಂದು ಆ ವಿದ್ಯೆಯನ್ನು ಕಲಿಸುತ್ತಿರುವ ಅಧ್ಯಾಪಕರಲ್ಲಿ ನನ್ನದೊಂದು ಬಿನ್ನಹವಿದೆ. ಮೊದಲ ವರ್ಷದಲ್ಲಿ ಕ್ಯಾಮೆರಾವನ್ನು ಕೈಗೆ ಕೊಡುವ ಮುನ್ನ ಪ್ರಮಾಣಶಾಸ್ತ್ರದ ಒಂದು ಪಾಠವನ್ನು ಇಡಿ. ಹೂಪರನ ಚಿತ್ರಗಳನ್ನೂ ಸತ್ಯನ್ನರ ಚಿತ್ರಗಳನ್ನೂ ಅಕ್ಕಪಕ್ಕದಲ್ಲಿಟ್ಟು ವಿದ್ಯಾರ್ಥಿಗಳು ಬಹಳ ಹೊತ್ತು ನೋಡುವಂತೆ ಮಾಡಿ. ಕನ್ನಡದ ಪತ್ರಿಕೆಗಳಲ್ಲಿಯೂ ಸುದ್ದಿವಾಹಿನಿಗಳಲ್ಲಿಯೂ ಕೇಳಿಕೊಳ್ಳುವುದು ಇನ್ನೂ ಚಿಕ್ಕದು: ನೀವು ಪ್ರಕಟಿಸುವ ಚಿತ್ರಗಳ ಕೆಳಗೆ, ಅವು ಎಷ್ಟೇ ಸಣ್ಣವಾಗಿರಲಿ, ತೆಗೆದವರ ಹೆಸರು, ಸ್ಥಳ, ದಿನಾಂಕ ಈ ಮೂರನ್ನು ತಪ್ಪದೆ ಅಚ್ಚು ಹಾಕಿರಿ, ಅವು ಗೊತ್ತಿಲ್ಲದ ಚಿತ್ರವನ್ನು ಪ್ರಕಟಿಸಬೇಡಿರಿ.